ಸುರಂಜನ್ ದಾಸ್ ರಸ್ತೆ ಮತ್ತು ಇಂಜಿನ್ ಸಿಗದ ವಿಮಾನ

ಜೀವನ್ ಬಿಮಾ ನಗರದವರಿಗೆ ಸುರಂಜನ್ ದಾಸ್ ರಸ್ತೆ ಅಂದ್ರೆ ಟ್ರಾಫಿಕ್. ಹಳೇ ಮದ್ರಾಸ್ ರಸ್ತೆಯಿಂದ ಹಳೇ ಏರ್‌ಪೋರ್ಟ್ ರಸ್ತೆಗೆ ಹೋಗೋ ದಾರಿ, ಅಷ್ಟೇ. ಆದ್ರೆ ಈ ದಾಸ್ ಯಾರು? ಅವರ ಕಥೆ ಶುರುವಾಗೋದು 1919ರ ಜರ್ಮನಿಯಲ್ಲಿ.

ಮೊದಲನೇ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದ ಹಾಕಿದ ಷರತ್ತು: ಇನ್ನು ವಾಯುಪಡೆ ಇರಕೂಡದು. ಗ್ಲೈಡರ್‌ಗೆ ಮಾತ್ರ ಅಡ್ಡಿ ಇರಲಿಲ್ಲ. 1920ರಿಂದ ವಾಸರ್‌ಕುಪ್ಪೆ ಅನ್ನೋ ಬೆಟ್ಟದ ಮೇಲೆ ಹುಡುಗರು ಮರ, ಬಟ್ಟೆಯಲ್ಲಿ ಗ್ಲೈಡರ್ ಕಟ್ಟಿ ಹಾರಿಸಿದರು. ರೆಕ್ಕೆಯ ಆಕಾರ, ತೂಕದ ಲೆಕ್ಕ, ಗಾಳಿಯ ನಡತೆ ಎಲ್ಲ ಕೈಯಾರೆ ಕಲಿತರು. ಬರ್ಲಿನ್‌ನಲ್ಲಿ ಇಂಥದೊಂದು ವಿದ್ಯಾರ್ಥಿ ಗುಂಪು ಕಟ್ಟಿದವರಲ್ಲಿ ಕುರ್ಟ್ ಟ್ಯಾಂಕ್ ಒಬ್ಬರು. 1935ರಲ್ಲಿ ಹಿಟ್ಲರ್ ವಾಯುಪಡೆಯನ್ನು ಬಹಿರಂಗವಾಗಿ ಸಾರಿದಾಗ ಕಲಿತ ಕೈಗಳು ತಯಾರಿದ್ದವು. 1939ರ ಜೂನ್ 1ರಂದು ಟ್ಯಾಂಕ್ ವಿನ್ಯಾಸದ ಫೋಕೆ-ವುಲ್ಫ್ 190 ಮೊದಲ ಸಲ ಹಾರಿತು. ಮೂರು ತಿಂಗಳಿಗೆ ಯುದ್ಧ ಶುರು.

ಅದೇ ವರ್ಷಗಳಲ್ಲಿ ನಮ್ಮಲ್ಲಿ?

ಇಲ್ಲಿ ವಿಮಾನಗಳು ಇದ್ದವು, ಆದ್ರೆ ನಮ್ಮವಲ್ಲ. 1925ರಲ್ಲಿ ಬ್ರಿಟಿಷ್ ವಾಯುಪಡೆ ವಜೀರಿಸ್ತಾನದ ಬುಡಕಟ್ಟುಗಳನ್ನು ಬಗ್ಗಿಸೋಕೆ ಆಕಾಶದಿಂದಲೇ ಬಾಂಬ್ ಹಾಕಿತು. ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ಕ್ಕೆ. ಮುಂದಿನ ವರ್ಷ ಕರಾಚಿಯಲ್ಲಿ ಮೊದಲ ಸ್ಕ್ವಾಡ್ರನ್ ಶುರುವಾದಾಗ ಇದ್ದದ್ದು ನಾಲ್ಕು ವಾಪಿಟಿ ವಿಮಾನ, ಅವೂ ಇಂಗ್ಲೆಂಡಿನಲ್ಲಿ ತಯಾರಾದವು. ಹಾರಿಸೋದನ್ನ ಕಲಿಸಿದರು. ಆದರೆ ವಿಮಾನ ಕಟ್ಟೋ ಕಾರ್ಖಾನೆ ದೇಶದಲ್ಲಿ ಒಂದೂ ಇರಲಿಲ್ಲ.

ಆ ಕೊರತೆ ನೀಗಿದ್ದು ನಮ್ಮ ಏರಿಯಾದ ಪಕ್ಕದಲ್ಲೇ. ಹಡಗು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕಾರ್ಖಾನೆಗೆ ಹಟ ಹಿಡಿದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸಂಸ್ಥಾನ ಜಾಗ ಕೊಟ್ಟು ಪಾಲುದಾರ ಆಯಿತು. 1940ರ ಡಿಸೆಂಬರ್ 23ಕ್ಕೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು. 1941ರಲ್ಲಿ ಹಾರ್ಲೋ ತರಬೇತಿ ವಿಮಾನ ಹಾರಿತು, 1942ರಲ್ಲಿ ಹಾಕ್ ಯುದ್ಧ ವಿಮಾನ. ಅಷ್ಟರಲ್ಲಿ ಜಪಾನ್ ಬರ್ಮಾಕ್ಕೆ ಬಂತು. ಸರ್ಕಾರ ವಾಲ್‌ಚಂದ್ ಪಾಲನ್ನು ಕೊಂಡುಕೊಂಡಿತು, 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. ಕಟ್ಟೋ ಕೆಲಸ ನಿಂತು ರಿಪೇರಿ ಕೆಲಸ ಉಳಿಯಿತು.

ಈಗ ಎರಡೂ ಕಥೆ ಒಂದಾಗುತ್ತೆ ನೋಡಿ. 1956ರಲ್ಲಿ ಅದೇ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು, ನಮ್ಮ ಇಂಜಿನಿಯರ್‌ಗಳ ಜೊತೆ ಜೆಟ್ ಫೈಟರ್ ವಿನ್ಯಾಸ ಮಾಡೋಕೆ. ಮೊದಲು ಏನು ಮಾಡಿದರು ಗೊತ್ತಾ? ಪೂರ್ತಿ ಅಳತೆಯ ಮರದ ಗ್ಲೈಡರ್! 1959ರಲ್ಲಿ ಡಕೋಟಾ ಅದನ್ನು ಎಳಕೊಂಡು ಮೇಲೇರಿ ಬಿಡುತ್ತಿತ್ತು. ಸೋತ ದೇಶದ ಹುಡುಗರು ಬೇರೆ ದಾರಿ ಇಲ್ಲದೆ ಕಲಿತ ಪಾಠ, ನಲವತ್ತು ವರ್ಷದ ಮೇಲೆ ಎಚ್‌ಎಎಲ್ ರನ್‌ವೇಯಲ್ಲಿ ಕೆಲಸಕ್ಕೆ ಬಂತು.

1961ರ ಜೂನ್ 17ರಂದು ಎಚ್‌ಎಫ್-24 ಮಾರುತ್ ಹಾರಿತು. ಹಾರಿಸಿದವರು ಸುರಂಜನ್ ದಾಸ್.

ದೇಹ ಚೆನ್ನಾಗಿತ್ತು, ಎದೆ ಸಣ್ಣದಾಯಿತು. ನೆಚ್ಚಿಕೊಂಡಿದ್ದ ಶಕ್ತಿಯ ಇಂಜಿನ್ ಸಿಗಲಿಲ್ಲ. ಸಿಕ್ಕ ಆರ್ಫಿಯಸ್ ಇಂಜಿನ್‌ನಲ್ಲಿ ಮಾರುತ್ ಅಂದುಕೊಂಡ ವೇಗಕ್ಕೆ ಏರಲಿಲ್ಲ. ಅದೇ ಇಂಜಿನ್‌ಗೆ ಹೆಚ್ಚು ಬಲ ತುಂಬಿದ ಮಾದರಿಯನ್ನು ಪರೀಕ್ಷೆಗೆ ಹಾರಿಸುವಾಗ, 1970ರ ಜನವರಿ 10ರಂದು, ಗ್ರೂಪ್ ಕ್ಯಾಪ್ಟನ್ ದಾಸ್ ಅಪಘಾತದಲ್ಲಿ ತೀರಿಕೊಂಡರು.

ಎಷ್ಟು ವಿಮಾನ ಇದೆ ಅನ್ನೋದರಿಂದಷ್ಟೇ ವಾಯುಬಲ ಅಳೆಯೋಕಾಗಲ್ಲ. ಅದನ್ನು ಕಟ್ಟೋ ಕೈ, ಅದರ ಇಂಜಿನ್ ಯಾರ ಹತ್ರ ಇದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಎರಡು ಯುದ್ಧಗಳ ನಡುವೆ ಜರ್ಮನಿ ಆ ಕಲಿಕೆಯನ್ನು ಬಿಡಲಿಲ್ಲ, ನಮಗೆ ಆ ಅವಕಾಶವನ್ನೇ ಕೊಡಲಿಲ್ಲ. ಇವತ್ತು ನಮ್ಮ ತಲೆ ಮೇಲೆ ಹಾರೋ ತೇಜಸ್ ಇಲ್ಲೇ ತಯಾರಾದದ್ದು, ಇಂಜಿನ್ ಮಾತ್ರ ಇನ್ನೂ ಅಮೆರಿಕದ್ದು.

ಮಾರುತ್ ನೋಡಬೇಕಾ? ಎಚ್‌ಎಎಲ್ ಮ್ಯೂಸಿಯಂನಲ್ಲಿ ನಿಂತಿದೆ. ಮಕ್ಕಳನ್ನೂ ಕರ್ಕೊಂಡು ಹೋಗಿ, ರಸ್ತೆ ಹೆಸರಿನ ಕಥೆಯನ್ನ ದಾರಿಯಲ್ಲೇ ಹೇಳಿ.

#ನಮ್ಮಏರಿಯಾಇತಿಹಾಸ #ಜೀವನ್‌ಬಿಮಾನಗರ #ಮಾರುತ್