ಠಾಣೆಯ ಆಸ್ಪತ್ರೆ ಮತ್ತು ನ್ಯಾಯಾಲಯದ ಎರಡು ಪ್ರಶ್ನೆಗಳು

‘ಇವನನ್ನು ಠಾಣೆಗೆ ಕಳಿಸಬೇಕು’ ಎಂಬುದು ಮುಂಬಯಿಯ ಹಳಬರ ಬಾಯಲ್ಲಿ ಬಹುಕಾಲ ಇದ್ದ ಲೇವಡಿಯ ಮಾತು. ಬೆಂಗಳೂರಿನವರು ನಿಮ್ಹಾನ್ಸ್‌ನ ಹೆಸರು ಹೇಳುವಂತೆಯೇ. ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿದು ದಿನವೂ ಠಾಣೆಯನ್ನು ದಾಟುವವರಲ್ಲಿ ಕೆಲವರಿಗಾದರೂ ಈ ಮಾತಿನ ಹಿಂದಿನ ಮನೋರೋಗಗಳ ಆಸ್ಪತ್ರೆ 1901ರಷ್ಟು ಹಳೆಯದೆಂದು ತಿಳಿದಿರಬಹುದು. ಚಿಕಿತ್ಸೆಯ ಜೊತೆಗೆ ಇಂಥ ಸರಕಾರಿ ಆಸ್ಪತ್ರೆಗಳಿಗೆ ಇನ್ನೊಂದು ಹೊಣೆಯೂ ಇದೆ: ನ್ಯಾಯಾಲಯ ಕಳುಹಿಸಿದ ಆರೋಪಿಯ ಮನಃಸ್ಥಿತಿಯನ್ನು ಪರೀಕ್ಷಿಸಿ ವರದಿ ಸಲ್ಲಿಸುವುದು.

ಆ ವರದಿ ಉತ್ತರಿಸಬೇಕಾದ ಪ್ರಶ್ನೆಗಳು ಎರಡು. ಕೃತ್ಯದ ವೇಳೆಯಲ್ಲಿ ತಾನು ಮಾಡುತ್ತಿರುವುದು ಏನೆಂದು, ಅದು ತಪ್ಪೆಂದು ಅರಿಯುವ ಶಕ್ತಿ ಅವನಿಗಿತ್ತೆ? ಈಗ ವಿಚಾರಣೆಯನ್ನು ಅರ್ಥಮಾಡಿಕೊಂಡು ತನ್ನ ಪರವಾಗಿ ವಾದಿಸಿಕೊಳ್ಳಬಲ್ಲನೆ? ಮೊದಲ ಪ್ರಶ್ನೆಯ ಬೇರು 1843ರ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣದಲ್ಲಿದೆ. 1860ರ ಭಾರತೀಯ ದಂಡ ಸಂಹಿತೆಯ 84ನೆಯ ಕಲಮಿನಲ್ಲಿ ಅದು ನೆಲೆಗೊಂಡಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲೂ ಅದರ ತಿರುಳು ಹಾಗೆಯೇ ಉಳಿದಿದೆ. ಎರಡನೆಯದು ಅಪರಾಧದ ಪ್ರಶ್ನೆಯೇ ಅಲ್ಲ, ವಿಚಾರಣೆಯ ನ್ಯಾಯದ ಪ್ರಶ್ನೆ. ‘ಈಗ ಅಸಮರ್ಥ’ ಎಂಬ ವರದಿ ಬಂದರೆ ವಿಚಾರಣೆ ನಿಲ್ಲುತ್ತದೆ. ಆರೋಪಿ ಬಿಡುಗಡೆಯಾಗಲೇಬೇಕೆಂದೇನೂ ಇಲ್ಲ.

ಈ ಎರಡರ ಆಚೆಗೂ ಒಂದು ಪ್ರಶ್ನೆಯುಂಟೆಂದು ತೋರಿಸಿದ್ದು ರಮಣ್ ರಾಘವನ ಪ್ರಕರಣ. ಮುಂಬಯಿಯ ಉಪನಗರಗಳಲ್ಲಿ ರಾತ್ರಿ ಮಲಗಿದ್ದವರನ್ನು ಕೊಂದ ಆತ 1968ರಲ್ಲಿ ಸೆರೆಸಿಕ್ಕ. ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹೈಕೋರ್ಟಿನ ಸೂಚನೆಯಂತೆ ಮೂವರು ಮನೋವೈದ್ಯರ ಮಂಡಳಿ ಪರೀಕ್ಷಿಸಿ, ಆತನಿಗೆ ತೀವ್ರ ಸ್ಕಿಜೋಫ್ರೇನಿಯಾ ಇದೆಯೆಂದಿತು. 1987ರಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು. ಶಿಕ್ಷೆಯಾದ ಬಳಿಕದ ತೀವ್ರ ಮನೋರೋಗವೂ ಮರಣದಂಡನೆಯನ್ನು ತಗ್ಗಿಸಲು ಕಾರಣವಾಗಬಹುದೆಂದು 2019ರಲ್ಲಿ, ಮಹಾರಾಷ್ಟ್ರದ್ದೇ ಇನ್ನೊಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿತು.

ಆದರೆ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ಇಂಥ ಹೆಸರಾಂತ ಮೊಕದ್ದಮೆಗಳಲ್ಲಿ ನಡೆಯುವುದಿಲ್ಲ. ಅಸ್ಸಾಮಿನ ಮಚಾಂಗ್ ಲಾಲುಂಗ್ 1951ರಲ್ಲಿ ಬಂಧಿತನಾಗಿ ತೇಜ್‌ಪುರದ ಮನೋರೋಗಗಳ ಆಸ್ಪತ್ರೆ ಸೇರಿದ. 1967ರಲ್ಲಿ ವೈದ್ಯರು ಗುಣವಾಗಿದೆಯೆಂದು ಬರೆದರು. ಆತನನ್ನು ಗುವಾಹಾಟಿಯ ಸೆರೆಮನೆಗೆ ಒಯ್ದರು. ವಿಚಾರಣೆ ನಡೆಯಲೇ ಇಲ್ಲ. 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಹೊರಬಂದಾಗ 54 ವರ್ಷ ಕಳೆದಿತ್ತು. ವೈದ್ಯರ ವರದಿ ಸರಿಯಾಗಿಯೇ ಇತ್ತು. ಅದರ ಮೇಲೆ ಯಾರೂ ಮುಂದಿನ ಆದೇಶ ಮಾಡಲಿಲ್ಲ. ಸರಕಾರಿ ಕಡತಗಳ ನಡುವೆ ದಿನ ಕಳೆಯುವ ನನ್ನಂಥವರಿಗೆ ಈ ಸಂಗತಿ ಹೆಚ್ಚು ಕಾಡುತ್ತದೆ. ಮೇಜಿನ ಮೇಲೆ ‘ಪರಿಶೀಲನೆಯಲ್ಲಿದೆ’ ಎಂದು ಕುಳಿತ ಒಂದು ಕಾಗದ ಒಬ್ಬ ಮನುಷ್ಯನ ಆಯುಷ್ಯವೇ ಆಗಿರಬಹುದು.

2017ರ ಮಾನಸಿಕ ಆರೋಗ್ಯ ಕಾಯಿದೆಯ 103ನೆಯ ಕಲಮಿನ ಪ್ರಕಾರ ಸೆರೆಮನೆಯ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ, ಅಲ್ಲಿ ಮನೋರೋಗಿ ಕೈದಿಗಳಿಲ್ಲವೆಂದು ಪ್ರಮಾಣೀಕರಿಸುವ ವರದಿಯನ್ನು ಪುನರ್ವಿಮರ್ಶಾ ಮಂಡಳಿಗೆ ಕಳುಹಿಸಬೇಕು. ಠಾಣೆಯ ಕೋಟೆಯೊಳಗಿನ ಸೆರೆಮನೆ, ಕಲ್ಯಾಣದ ಆಧಾರವಾಡಿ, ನವಿ ಮುಂಬಯಿಯ ತಳೋಜಾ ಇವೆಲ್ಲಕ್ಕೂ ಈ ನಿಯಮ ಅನ್ವಯಿಸುತ್ತದೆ. ಆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಪ್ರತಿಯೊಬ್ಬ ಕೈದಿಯನ್ನೂ ಕಣ್ಣಾರೆ ಕಂಡು ಮಾತಾಡಿಸಿದ್ದರೆ ಮಾತ್ರ ಅದಕ್ಕೆ ಬೆಲೆ.