ಮಲಗುವ ಕೋಣೆಯ ಹೀಟರ್

ಮಲಗುವ ಕೋಣೆಯ ಹೀಟರ್ ಎಂದರೆ ಚಳಿಗಾಲದಲ್ಲಿ ಒಂದು ಕೋಣೆಯನ್ನು ಮಾತ್ರ ಬೆಚ್ಚಗಿಡಲು ಬಳಸುವ, ಬೇಕಾದೆಡೆಗೆ ಸಾಗಿಸಬಹುದಾದ ಶಾಖೋಪಕರಣ. ಮಾರುಕಟ್ಟೆಯಲ್ಲಿ ಇದು ರೂಮ್ ಹೀಟರ್ ಎಂದೇ ಪರಿಚಿತ. ಇಂದು ಮನೆಗಳಲ್ಲಿ ಬಳಕೆಯಲ್ಲಿರುವ ಹೀಟರ್‌ಗಳಲ್ಲಿ ಹೆಚ್ಚಿನವು ವಿದ್ಯುತ್ತಿನಿಂದ ನಡೆಯುವಂಥವು. ಅಡುಗೆಮನೆಯ ಒಲೆ, ಬಟ್ಟೆಯ ಇಸ್ತ್ರಿಪೆಟ್ಟಿಗೆ ಮೊದಲಾದ ಇತರ ಶಾಖೋಪಕರಣಗಳಿಗಿಂತ ಇದು ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿದೆ. ಅವು ಕೆಲಸ ಮಾಡುವಾಗ ಮನುಷ್ಯ ಎಚ್ಚರವಾಗಿರುತ್ತಾನೆ. ಇದು ಕೆಲಸ ಮಾಡುವಾಗ ನಿದ್ರೆಯಲ್ಲಿರುತ್ತಾನೆ. ಸುಟ್ಟ ವಾಸನೆಯಾಗಲಿ, ಕಿಡಿಯಾಗಲಿ, ಉಸಿರಾಟದ ತೊಂದರೆಯಾಗಲಿ ಮಲಗಿದವನ ಗಮನಕ್ಕೆ ತಕ್ಷಣ ಬರುವುದಿಲ್ಲ. ಆದುದರಿಂದ ಮಲಗುವ ಕೋಣೆಗೆ ಹೀಟರ್ ಆರಿಸುವಾಗ ಅದು ಎಷ್ಟು ಬೇಗ ಕಾಯುತ್ತದೆ ಎಂಬುದಕ್ಕಿಂತ, ಯಾರೂ ನೋಡಿಕೊಳ್ಳದಿದ್ದಾಗ ಅದು ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆ ಹೆಚ್ಚು ಮುಖ್ಯವಾಗುತ್ತದೆ.

ಹಿನ್ನೆಲೆ

ವಿದ್ಯುತ್ ಬರುವ ಮೊದಲು ಚಳಿ ಕಾಯಿಸಿಕೊಳ್ಳಲು ಕೆಂಡವೇ ಆಧಾರವಾಗಿತ್ತು. ಕಾಶ್ಮೀರದಲ್ಲಿ ಬೆತ್ತದಂಥ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆಯನ್ನಿಟ್ಟು ಕೆಂಡ ತುಂಬುವ ಕಾಂಗ್ಡಿಯನ್ನು ಜನರು ಉದ್ದನೆಯ ಫೆರನ್ ಅಂಗಿಯೊಳಗೆ ಹಿಡಿದುಕೊಂಡು ತಿರುಗುತ್ತಾರೆ. ಹಿಮಾಲಯದ ಪ್ರದೇಶಗಳಲ್ಲಿ ಹೊಗೆ ಕೊಳವೆಯಿರುವ ಬುಖಾರಿ ಎಂಬ ಕಬ್ಬಿಣದ ಒಲೆ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟು ತಾಯಿ ಮತ್ತು ಮಗುವನ್ನು ಬೆಚ್ಚಗಿಡುವ ರೂಢಿ ಬಹುಕಾಲದಿಂದ ಇದೆ.

ವಿದ್ಯುತ್ ಹರಿಯುವ ತಂತಿ ಬಿಸಿಯಾಗುವ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್ 1840ರ ದಶಕದ ಆರಂಭದಲ್ಲಿ ನಿರೂಪಿಸಿದನು. ತಂತಿಯಲ್ಲಿ ಹುಟ್ಟುವ ಶಾಖವು ಅದರ ರೋಧಕ್ಕೂ, ಹರಿಯುವ ವಿದ್ಯುತ್ತಿನ ವರ್ಗಕ್ಕೂ ಅನುಗುಣವಾಗಿರುತ್ತದೆ ಎಂಬುದು ಆ ನಿಯಮ. ಆದರೆ ಕೆಂಪಗೆ ಕಾದರೂ ಗಾಳಿಯಲ್ಲಿ ಬೇಗನೆ ಸುಟ್ಟುಹೋಗದ ತಂತಿ ದೊರೆತದ್ದು 20ನೆಯ ಶತಮಾನದಲ್ಲಿ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ನಿಕ್ಕಲ್ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದನು. ನೈಕ್ರೋಮ್ ಎಂದು ಹೆಸರಾದ ಈ ಲೋಹವೇ ಇಂದಿಗೂ ಅನೇಕ ಹೀಟರ್‌ಗಳ ಒಡಲಲ್ಲಿದೆ.

ವಿಧಗಳು

ತಂತಿ ಸುರುಳಿಯ ಹೀಟರ್: ಪಿಂಗಾಣಿಯ ದಂಡಕ್ಕೆ ಸುತ್ತಿದ ನೈಕ್ರೋಮ್ ಸುರುಳಿ ಕೆಂಪಗೆ ಕಾದು, ಅದರ ಹಿಂದಿನ ಹೊಳೆಯುವ ತಗಡು ಶಾಖವನ್ನು ಮುಂದಕ್ಕೆ ಚೆಲ್ಲುತ್ತದೆ. ಬೆಲೆ ಕಡಿಮೆ, ಸದ್ದಿಲ್ಲ. ಆದರೆ ಕೆಂಪಾದ ತಂತಿಯ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಹೊದಿಕೆಯ ಅಂಚು ತಗುಲಿ ಬೆಂಕಿ ಹತ್ತಲು ಅಷ್ಟು ಶಾಖ ಧಾರಾಳ. ತಂತಿಯು ಜಾಲರಿಯ ಹಿಂದೆ ತೆರೆದುಕೊಂಡೇ ಇರುವುದರಿಂದ ಮಕ್ಕಳಿರುವ ಮನೆಗೆ ಇದು ತಕ್ಕುದಲ್ಲ.

ಕ್ವಾರ್ಟ್ಜ್ ಮತ್ತು ಹ್ಯಾಲೊಜನ್ ಹೀಟರ್: ಇವು ಗಾಜಿನಂಥ ಕೊಳವೆಯೊಳಗಿನ ತಂತಿಯಿಂದ ಅವಕೆಂಪು ಕಿರಣಗಳನ್ನು ಹೊರಸೂಸುತ್ತವೆ. ಶಾಖವು ವಿಕಿರಣದ ಮೂಲಕ ನೇರವಾಗಿ ಮೈಗೆ ತಾಗುವುದರಿಂದ ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಹಿತವೆನಿಸುತ್ತದೆ. ಆದರೆ ಎದುರಿಗೆ ಕುಳಿತವರಿಗೆ ಮಾತ್ರ ಬಿಸಿ ತಾಗುತ್ತದೆ. ಕೋಣೆಯ ಗಾಳಿ ಬೇಗ ಕಾಯುವುದಿಲ್ಲ. ಕಿತ್ತಳೆ ಬಣ್ಣದ ಬೆಳಕು ನಿದ್ರೆಗೆ ಅಡ್ಡಿಯಾಗುತ್ತದೆ.

ಫ್ಯಾನ್ ಹೀಟರ್: ಬ್ಲೋವರ್ ಎಂದೂ ಕರೆಯಲಾಗುವ ಇದರಲ್ಲಿ ಕಾದ ತಂತಿಯ ಮೇಲೆ ಫ್ಯಾನ್ ಗಾಳಿಯನ್ನು ಹಾಯಿಸುತ್ತದೆ. ಸಣ್ಣ ಕೋಣೆ ಬೇಗ ಬೆಚ್ಚಗಾಗುತ್ತದೆ. ಫ್ಯಾನಿನ ಸದ್ದೇ ಇದರ ದೊಡ್ಡ ಕೊರತೆ.

ಸೆರಾಮಿಕ್ ಹೀಟರ್: ಇದರಲ್ಲಿ ಬೇರಿಯಂ ಟೈಟನೇಟ್ ಆಧಾರಿತ ಪಿಂಗಾಣಿಯ ಬಿಲ್ಲೆಗಳಿರುತ್ತವೆ. ಒಂದು ಮಿತಿಯನ್ನು ಮೀರಿ ಕಾದಾಗ ಇವುಗಳ ರೋಧವು ತಟ್ಟನೆ ಏರಿ, ವಿದ್ಯುತ್ತಿನ ಹರಿವು ತಾನಾಗಿಯೇ ಇಳಿಯುತ್ತದೆ. ಫ್ಯಾನ್ ನಿಂತುಹೋದರೂ ಬಿಲ್ಲೆಗಳು ಕೆಂಪಗೆ ಕಾಯುವುದಿಲ್ಲ. ಸುರಕ್ಷತೆಯಲ್ಲಿ ಇದು ತಂತಿಯ ಬ್ಲೋವರಿಗಿಂತ ಮೇಲು. ಆದರೆ ಇದಕ್ಕೂ ಫ್ಯಾನ್ ಇರುವುದರಿಂದ ಸದ್ದು ತಪ್ಪಿದ್ದಲ್ಲ.

ಎಣ್ಣೆ ತುಂಬಿದ ರೇಡಿಯೇಟರ್: ಅಂಗಡಿಗಳಲ್ಲಿ ಓಎಫ್‌ಆರ್ ಎಂಬ ಹೆಸರಿನಿಂದ ಮಾರಾಟವಾಗುವ ಇದಕ್ಕೆ ಸಾಲಾಗಿ ನಿಂತ ಲೋಹದ ರೆಕ್ಕೆಗಳಿರುತ್ತವೆ. ಒಳಗಿನ ಎಣ್ಣೆ ಉರಿಯುವುದೂ ಇಲ್ಲ, ಖರ್ಚಾಗುವುದೂ ಇಲ್ಲ. ಮುಚ್ಚಿದ ಲೋಹದೊಳಗೆ ಶಾಖವನ್ನು ಹೊತ್ತು ಸುತ್ತುತ್ತಿರುತ್ತದೆ. ಕೋಣೆ ಬೆಚ್ಚಗಾಗಲು ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಆರಿಸಿದ ಮೇಲೂ ಕೆಲಕಾಲ ಶಾಖ ಉಳಿಯುತ್ತದೆ. ಕೆಂಪಾದ ಭಾಗವಿಲ್ಲ, ಬೆಳಕಿಲ್ಲ, ಫ್ಯಾನಿಲ್ಲ.

ಕನ್ವೆಕ್ಟರ್ ಪ್ಯಾನಲ್: ತೆಳುವಾದ ಪೆಟ್ಟಿಗೆಯ ಕೆಳಗಿನಿಂದ ತಣ್ಣನೆಯ ಗಾಳಿ ಒಳಸೇರಿ, ಬಿಸಿಯಾಗಿ, ಮೇಲಿನಿಂದ ಹೊರಬರುತ್ತದೆ. ಸಂವಹನದ ತತ್ತ್ವದಲ್ಲಿ ನಡೆಯುವ ಇದು ಫ್ಯಾನಿಲ್ಲದ ಮಾದರಿಯಾದರೆ ನಿಶ್ಶಬ್ದ. ಮೇಲಿನ ಕಂಡಿಗಳ ಮೇಲೆ ಬಟ್ಟೆ ಬಿದ್ದರೆ ಒಳಗಿನ ಶಾಖ ಅಪಾಯಕರವಾಗಿ ಏರುತ್ತದೆ.

ಸದ್ದು

ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯ ಪ್ರಕಾರ ಮಲಗುವ ಕೋಣೆಯಲ್ಲಿ ನಿರಂತರ ಸದ್ದಿನ ಮಟ್ಟ 30 ಡೆಸಿಬೆಲ್ ಮೀರದಿರುವುದು ಉತ್ತಮ. ಫ್ಯಾನ್ ಇರುವ ಹೀಟರ್‌ಗಳು ಸಾಮಾನ್ಯವಾಗಿ ಈ ಮಿತಿಯನ್ನು ದಾಟುತ್ತವೆ. ಒಂದೇ ಸಮನಾದ ಸದ್ದಿಗೆ ಕೆಲವರು ಒಗ್ಗಿಕೊಳ್ಳುತ್ತಾರೆ. ಆದರೆ ಥರ್ಮೋಸ್ಟಾಟಿನ ಆಣತಿಯಂತೆ ಫ್ಯಾನ್ ನಿಂತು ಮತ್ತೆ ಹೊರಡುವಾಗ ಆಗುವ ಏರಿಳಿತವು ನಿದ್ರೆಯನ್ನು ಹೆಚ್ಚು ಕೆಡಿಸುತ್ತದೆ.

ಎಣ್ಣೆಯ ರೇಡಿಯೇಟರ್ ಕೂಡ ಪೂರ್ಣ ಮೌನವಲ್ಲ. ಕಾಯುವಾಗ ಲೋಹ ಹಿಗ್ಗಿ, ತಣಿಯುವಾಗ ಕುಗ್ಗಿ, ಟಿಕ್ ಟಿಕ್ ಎಂಬ ಸದ್ದು ಬರುತ್ತದೆ. ಇದು ಸಹಜವಾದುದು. ಮಲಗುವ ಮೊದಲೇ ಚಾಲೂ ಮಾಡಿ ಕಾಯಿಸಿಟ್ಟರೆ ಈ ಸದ್ದಿನ ಹೆಚ್ಚಿನ ಪಾಲು ಅಷ್ಟರೊಳಗೆ ಮುಗಿದಿರುತ್ತದೆ. ಆದರೆ ಪ್ಲಗ್ಗಿನ ಬಳಿ ಚಟಪಟ ಎನ್ನುವ ಅಥವಾ ಗುಂಯ್‌ಗುಡುವ ಸದ್ದು ಕೇಳಿದರೆ ಅದು ಸಡಿಲ ಸಂಪರ್ಕದ ಸೂಚನೆ. ಅಂಥ ಹೀಟರನ್ನು ಕೂಡಲೇ ನಿಲ್ಲಿಸಬೇಕು.

ಬೆಂಕಿಯ ಅಪಾಯ

2022ರ ಜನವರಿ 9ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ 19 ಅಂತಸ್ತಿನ ವಸತಿ ಕಟ್ಟಡವೊಂದರಲ್ಲಿ ಮಲಗುವ ಕೋಣೆಯ ವಿದ್ಯುತ್ ಹೀಟರಿನಿಂದ ಬೆಂಕಿ ಹುಟ್ಟಿತು. ಮನೆಯ ಬಾಗಿಲು ಮುಚ್ಚಿಕೊಳ್ಳದೆ ಹೊಗೆಯು ಮೆಟ್ಟಿಲುಗಳ ಮೂಲಕ ಮೇಲಕ್ಕೇರಿತು. ಎಂಟು ಮಕ್ಕಳೂ ಸೇರಿ 17 ಮಂದಿ ಹೊಗೆಯಿಂದ ಮೃತಪಟ್ಟರು. ಒಂದು ಕೋಣೆಯ ಸಣ್ಣ ಉಪಕರಣವು ಇಡೀ ಕಟ್ಟಡಕ್ಕೆ ಅಪಾಯವಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಹಾಸಿಗೆ, ಪರದೆ, ಕಾಗದ, ಮರದ ಸಾಮಾನುಗಳಿಂದ ಹೀಟರ್ ಸುತ್ತಲೂ ಮೂರು ಅಡಿಯಾದರೂ ದೂರವಿರಬೇಕೆಂಬುದು ಅಗ್ನಿಸುರಕ್ಷತೆಯ ಪ್ರಚಲಿತ ನಿಯಮ. ನಮ್ಮ ಮನೆಗಳಲ್ಲಿ ಮರೆತುಹೋಗುವ ವಸ್ತುವೆಂದರೆ ಸೊಳ್ಳೆಪರದೆ. ಹಗಲು ಸುತ್ತಿಟ್ಟ ಪರದೆಯನ್ನು ರಾತ್ರಿ ಇಳಿಬಿಟ್ಟಾಗ ಅದರ ಅಂಚು ಹೀಟರಿನ ಬಳಿಗೆ ಬರಬಹುದು. ನೈಲಾನ್ ಪರದೆ ಬೇಗ ಕರಗಿ ಹೊತ್ತಿಕೊಳ್ಳುತ್ತದೆ. ಮಕ್ಕಳ ಒದ್ದೆ ಬಟ್ಟೆಯನ್ನು ಹೀಟರಿನ ಮೇಲೆ ಒಣಹಾಕುವುದು ಇನ್ನೊಂದು ಅಪಾಯಕರ ಅಭ್ಯಾಸ.

ಕೊಳ್ಳುವಾಗ ಮೂರು ರಕ್ಷಣಾ ವ್ಯವಸ್ಥೆಗಳನ್ನು ಗಮನಿಸಬೇಕು. ಮೊದಲನೆಯದು, ನಿಗದಿಪಡಿಸಿದ ಬಿಸಿ ಮುಟ್ಟಿದಾಗ ವಿದ್ಯುತ್ತನ್ನು ತಡೆದು ಮತ್ತೆ ಹರಿಸುವ ಥರ್ಮೋಸ್ಟಾಟ್. ಎರಡನೆಯದು, ಗಾಳಿಯ ದಾರಿ ಮುಚ್ಚಿ ಹೀಟರ್ ಮಿತಿಮೀರಿ ಕಾದಾಗ ಅದನ್ನು ನಿಲ್ಲಿಸುವ ಕಟ್‌ಆಫ್. ಮೂರನೆಯದು, ಹೀಟರ್ ಮಗುಚಿದರೆ ತಾನಾಗಿ ಆರಿಸುವ ಸ್ವಿಚ್. ಭಾರತದಲ್ಲಿ ರೂಮ್ ಹೀಟರ್‌ಗಳ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋ ರೂಪಿಸಿದ ಐಎಸ್ 302 ಮಾನಕದ ಎರಡನೆಯ ಭಾಗದ 30ನೆಯ ವಿಭಾಗ ಅನ್ವಯಿಸುತ್ತದೆ. ಐಎಸ್‌ಐ ಗುರುತಿಲ್ಲದ ಹೀಟರನ್ನು ಅಗ್ಗವೆಂದು ಕೊಳ್ಳುವುದು ಸಲ್ಲದು.

ವಿದ್ಯುತ್ ಸಂಪರ್ಕ

ಭಾರತದ ಮನೆಗಳ ವಿದ್ಯುತ್ 230 ವೋಲ್ಟಿನದು. 2000 ವಾಟ್ ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ; 1000 ವಾಟಿನದು ಸುಮಾರು 4.3 ಆಂಪಿಯರ್. ಮಲಗುವ ಕೋಣೆಗಳಲ್ಲಿ ಸಾಮಾನ್ಯವಾಗಿರುವ ಸಣ್ಣ ಸಾಕೆಟ್ 6 ಆಂಪಿಯರಿನದು. 2000 ವಾಟ್ ಹೀಟರಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ ಬೇಕು. ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಬಳಸಿದರೆ ಈ ರಕ್ಷಣೆಯೇ ಇಲ್ಲವಾಗುತ್ತದೆ.

ಎಕ್ಸ್‌ಟೆನ್ಷನ್ ಬೋರ್ಡಿನ ತೆಳು ತಂತಿಯಲ್ಲಿಯೂ ಸಡಿಲವಾದ ಸಾಕೆಟ್ಟಿನಲ್ಲಿಯೂ ಜೌಲನ ನಿಯಮವೇ ಕೆಲಸ ಮಾಡುತ್ತದೆ: ಹೀಟರ್ ಕಾಯುವ ಕಾರಣಕ್ಕೇ ಅವೂ ಕಾಯುತ್ತವೆ. ಅರ್ಧ ಗಂಟೆ ನಡೆದ ಬಳಿಕ ಸ್ವಿಚ್ ಆರಿಸಿ ಪ್ಲಗ್ಗನ್ನು ಮುಟ್ಟಿ ನೋಡುವುದು ಸರಳ ಪರೀಕ್ಷೆ. ಅದು ಬಿಸಿಯಾಗಿದ್ದರೆ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ನಿಂದ ಬದಲಾಯಿಸಬೇಕು. ಹೀಟರಿನ ತಂತಿಯನ್ನು ಜಮಖಾನೆಯ ಅಡಿಯಲ್ಲಿ ಹಾಯಿಸಬಾರದು. ಲೋಹದ ಒಡಲಿನ ಹೀಟರಿಗೆ ಭೂಸಂಪರ್ಕವಿರುವ ಮೂರು ಪಿನ್ನಿನ ಪ್ಲಗ್ ಅಗತ್ಯ.

ಕೆಂಡ ಮತ್ತು ಅನಿಲದ ಅಪಾಯ

ಇದ್ದಿಲು, ಸೀಮೆಎಣ್ಣೆ, ಅಡುಗೆ ಅನಿಲ ಇವು ಸಾಕಷ್ಟು ಆಮ್ಲಜನಕವಿಲ್ಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಅಂಗಾಂಗಗಳಿಗೆ ಆಮ್ಲಜನಕ ತಲುಪದಂತೆ ಮಾಡುತ್ತದೆ. ಎಚ್ಚರವಾಗಿರುವವನಿಗೆ ತಲೆನೋವು, ತಲೆಸುತ್ತು, ಓಕರಿಕೆ ಕಾಣಿಸಿಕೊಳ್ಳುತ್ತವೆ. ಮಲಗಿದವನು ಈ ಸೂಚನೆಗಳನ್ನು ಅರಿಯದೆಯೇ ಪ್ರಜ್ಞೆ ಕಳೆದುಕೊಳ್ಳಬಹುದು. ಹೊಗೆ ನಿಂತ ಕೆಂಡ ನಿರಪಾಯಕಾರಿ ಎಂಬ ನಂಬಿಕೆ ತಪ್ಪು. ಹೊಗೆಯಾಡದ ಕೆಂಡವೂ ಈ ಅನಿಲವನ್ನು ಬಿಡುತ್ತಲೇ ಇರುತ್ತದೆ.

2020ರ ಜನವರಿಯಲ್ಲಿ ನೇಪಾಳದ ದಮನ್ ಎಂಬ ಪ್ರವಾಸಿ ತಾಣದಲ್ಲಿ, ಕೇರಳದಿಂದ ಹೋಗಿದ್ದ ಎಂಟು ಮಂದಿ ಅನಿಲದ ಹೀಟರ್ ಉರಿಸಿಕೊಂಡು ಒಂದೇ ಕೋಣೆಯಲ್ಲಿ ಮಲಗಿದ್ದರು. ಅವರಲ್ಲಿ ನಾಲ್ವರು ಮಕ್ಕಳು. ಬೆಳಗ್ಗೆ ಪ್ರಜ್ಞಾಹೀನರಾಗಿ ಕಂಡುಬಂದ ಅವರನ್ನು ಕಠ್ಮಂಡುವಿಗೆ ಸಾಗಿಸಲಾಯಿತಾದರೂ ಒಬ್ಬರೂ ಉಳಿಯಲಿಲ್ಲ. ಕೋಣೆಯ ಬಾಗಿಲು ಕಿಟಕಿಗಳು ಮುಚ್ಚಿದ್ದವು. ಹೊಗೆ ಹೊರಹೋಗುವ ಕೊಳವೆಯಿಲ್ಲದ ಯಾವುದೇ ಉರಿಯುವ ಉಪಕರಣವನ್ನು ಮಲಗುವ ಕೋಣೆಯಲ್ಲಿ ಇರಿಸಬಾರದು. ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಗೂ ಈ ಮಾತು ಪೂರ್ಣವಾಗಿ ಅನ್ವಯಿಸುತ್ತದೆ.

ಗಾತ್ರ ಮತ್ತು ಖರ್ಚು

ಹೀಟರಿನ ವಿಧ ಯಾವುದೇ ಇರಲಿ, 1000 ವಾಟ್ ವಿದ್ಯುತ್ತಿನಿಂದ ದೊರೆಯುವುದು 1000 ವಾಟ್ ಶಾಖವೇ. ಒಂದು ವಿಧದ ಹೀಟರ್ ಇನ್ನೊಂದಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಶಾಖ ಕೊಡುತ್ತದೆಂಬ ಜಾಹೀರಾತಿನಲ್ಲಿ ಹುರುಳಿಲ್ಲ. ಹೊರಗಿನ ಗಾಳಿಯಿಂದ ಶಾಖವನ್ನು ಒಳಗೆ ತರುವ, ಬಿಸಿ ಗಾಳಿಯನ್ನೂ ಕೊಡಬಲ್ಲ ಹವಾನಿಯಂತ್ರಕಗಳು ಮಾತ್ರ ಇದಕ್ಕೆ ಹೊರತು; ಅವು ಬಳಸಿದ ವಿದ್ಯುತ್ತಿನ ಹಲವು ಪಟ್ಟು ಶಾಖ ನೀಡುತ್ತವೆ.

ಚಳಿ ಪ್ರದೇಶಗಳಲ್ಲಿ ಚದರ ಅಡಿಗೆ 10 ವಾಟ್ ಎಂಬುದು ಸ್ಥೂಲ ಲೆಕ್ಕ. ಅದರಂತೆ 120 ಚದರ ಅಡಿಯ ಕೋಣೆಗೆ 1200 ವಾಟ್ ಸಾಕು. 1500 ವಾಟ್ ಹೀಟರ್ ಎಂಟು ಗಂಟೆ ಎಡೆಬಿಡದೆ ನಡೆದರೆ 12 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಮಲಗುವ ಮುನ್ನ ಒಂದು ಗಂಟೆ ನಡೆಸಿ ಆರಿಸಿದರೆ ಒಂದೂವರೆ ಯೂನಿಟ್. ದೆಹಲಿಯಂಥ ಕಡೆ ಇರುವ ಕನ್ನಡಿಗರಿಗೆ ಹೀಟರ್ ಅನಿವಾರ್ಯವೆನಿಸಬಹುದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಇಲ್ಲಿನ ಸಾಮಾನ್ಯ ಚಳಿಗೆ ಕಿಟಕಿಯ ಸಂದುಗಳನ್ನು ಮುಚ್ಚಿ, ದಪ್ಪ ಕಂಬಳಿ ಹೊದೆಯುವುದೇ ಬಹುಮಟ್ಟಿಗೆ ಸಾಕಾಗುತ್ತದೆ.

ಆರೋಗ್ಯ

ಚಳಿ ಪ್ರದೇಶಗಳಲ್ಲಿ ಮನೆಯೊಳಗಿನ ಉಷ್ಣತೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಅತಿಯಾದ ಬಿಸಿಯೂ ಒಳ್ಳೆಯದಲ್ಲ. ಹಸುಳೆಗಳ ಮೈ ಅತಿಯಾಗಿ ಬಿಸಿಯಾಗುವುದು ನಿದ್ರೆಯಲ್ಲಿ ಸಂಭವಿಸುವ ಹಠಾತ್ ಸಾವಿನ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲಿ ಒಂದು. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರು ಹೀಟರಿನ ಹತ್ತಿರ ಪಾದ ಚಾಚಿ ಕುಳಿತರೆ ಸುಟ್ಟದ್ದೇ ತಿಳಿಯದಿರಬಹುದು.

ವಿದ್ಯುತ್ ಹೀಟರ್ ಕೋಣೆಯ ಆಮ್ಲಜನಕವನ್ನು ಸುಡುತ್ತದೆ ಎಂಬ ನಂಬಿಕೆ ಸರಿಯಲ್ಲ. ಅದರಲ್ಲಿ ಏನೂ ಉರಿಯುವುದಿಲ್ಲ. ಗಾಳಿ ಒಣಗಿದಂತೆ ಅನಿಸಲು ಕಾರಣ ಬೇರೆ. ಗಾಳಿಯಲ್ಲಿನ ನೀರಿನ ಅಂಶ ಅಷ್ಟೇ ಇದ್ದರೂ, ಬಿಸಿಯಾದಂತೆ ಅದರ ಸಾಪೇಕ್ಷ ಆರ್ದ್ರತೆ ಇಳಿದು ಗಂಟಲು ಒಣಗುತ್ತದೆ. ಹಾಗಿದ್ದರೂ ಗಾಳಿಯಾಡಲು ಒಂದಿಷ್ಟು ಸಂದು ಇರುವುದು ಹಿತಕರ.

ಆಯ್ಕೆಯ ಸಾರಾಂಶ

ಸದ್ದು, ಬೆಳಕು ಮತ್ತು ಹೊರಮೈಯ ಬಿಸಿ ಈ ಮೂರನ್ನೂ ಗಣಿಸಿದರೆ, ಮಲಗುವ ಕೋಣೆಗೆ ಎಣ್ಣೆಯ ರೇಡಿಯೇಟರ್ ಅಥವಾ ಫ್ಯಾನಿಲ್ಲದ ಕನ್ವೆಕ್ಟರ್ ಹೆಚ್ಚು ಸೂಕ್ತ. ಬ್ಲೋವರ್ ಮತ್ತು ಕ್ವಾರ್ಟ್ಜ್ ಹೀಟರ್‌ಗಳು ಎಚ್ಚರವಾಗಿರುವ ಹೊತ್ತಿನ ಬಳಕೆಗೆ ತಕ್ಕವು. ಯಾವುದನ್ನೇ ಕೊಂಡರೂ ಮಲಗುವ ಮೊದಲು ಕೋಣೆಯನ್ನು ಬೆಚ್ಚಗೆ ಮಾಡಿ, ಹೀಟರ್ ಆರಿಸಿ, ಪ್ಲಗ್ ತೆಗೆದು ಮಲಗುವುದು ಎಲ್ಲಕ್ಕಿಂತ ಸುರಕ್ಷಿತ ಕ್ರಮ. ಉಳಿದ ರಾತ್ರಿಯ ಬೆಚ್ಚನೆಯ ಹೊಣೆಯನ್ನು ಹೊದಿಕೆಗೆ ಬಿಡಬಹುದು.