ರೋಮಾ ಜನರ ಮೂಲ ಯಾವುದು? ಈಜಿಪ್ಟ್ ಕಥೆಯನ್ನು ಸುಳ್ಳಾಗಿಸಿದ್ದು ಅವರದೇ ಮನೆಮಾತು

ಯುರೋಪಿನ ರೋಮಾ ಜನರು ನೀರಿಗೆ 'ಪಾನಿ' ಎನ್ನುತ್ತಾರೆ. ಮನುಷ್ಯನಿಗೆ 'ಮನುಷ್', ಮೂಗಿಗೆ 'ನಖ್', ದ್ರಾಕ್ಷಿಗೆ 'ದ್ರಾಖ್'. ಮುಂಬೈ ಅಥವಾ ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಪದಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೂ ಶತಮಾನಗಳ ಕಾಲ ಯುರೋಪ್ ಇವರನ್ನು ಈಜಿಪ್ಟಿನವರೆಂದೇ ನಂಬಿತ್ತು. ಇಂಗ್ಲಿಷಿನ 'ಜಿಪ್ಸಿ' ಎಂಬ ಹೆಸರು ಹುಟ್ಟಿದ್ದೇ 'ಈಜಿಪ್ಶಿಯನ್' ಪದದಿಂದ. ಇಂದು ಅನೇಕ ರೋಮಾಗಳಿಗೆ ಅದು ಅವಮಾನದ ಮಾತು.

ಈಜಿಪ್ಟ್ ಕಥೆ ಹುಟ್ಟಿದ್ದು ಹೇಗೆ?

1422ರಲ್ಲಿ ಇಟಲಿಯ ಬೊಲೋನ್ಯಾ ನಗರಕ್ಕೆ ಬಂದ ಗುಂಪೊಂದರ ಮುಖಂಡ ತನ್ನನ್ನು ಈಜಿಪ್ಟಿನ ಡ್ಯೂಕ್ ಎಂದು ಪರಿಚಯಿಸಿಕೊಂಡಿದ್ದ. ಕ್ರೈಸ್ತ ಧರ್ಮ ತೊರೆದ ತಪ್ಪಿಗೆ ಏಳು ವರ್ಷ ಅಲೆಯಬೇಕಾಗಿದೆ ಎಂಬುದು ಆ ಗುಂಪು ಹೇಳಿಕೊಂಡ ಕಾರಣ. ಯಾತ್ರಿಕರಿಗೆ ಅನ್ನ, ಆಶ್ರಯ ಸಿಗುತ್ತಿದ್ದ ಕಾಲದಲ್ಲಿ ಈ ಕಥೆ ಅವರನ್ನು ಕಾಪಾಡಿತು. ಆದರೆ ಮುಂದೆ ಅದೇ ಹೆಸರು ಮುಳುವಾಯಿತು. 1530ರಲ್ಲಿ ಇಂಗ್ಲೆಂಡ್ 'ಈಜಿಪ್ಶಿಯನ್ನರ' ವಿರುದ್ಧವೇ ಕಾನೂನು ತಂದು ಅವರನ್ನು ದೇಶದಿಂದ ಹೊರಗಟ್ಟಲು ಹೊರಟಿತು.

ಪೂರ್ವದಲ್ಲಿ ಇನ್ನೊಂದು ಕಥೆ ಇತ್ತು. ಸುಮಾರು ಕ್ರಿ.ಶ. 1010ರಲ್ಲಿ ಮುಗಿದ ಫಿರ್ದೌಸಿಯ 'ಶಾಹನಾಮೆ'ಯ ಪ್ರಕಾರ, ಪರ್ಷಿಯಾದ ದೊರೆ ಬಹ್ರಾಮ್ ಗೂರ್ ಬಡವರ ಮನರಂಜನೆಗಾಗಿ ಭಾರತದಿಂದ 10,000 ಲೂರಿ ಸಂಗೀತಗಾರರನ್ನು ಕರೆಸಿದ. ಬೇಸಾಯಕ್ಕೆಂದು ಎತ್ತು, ಕತ್ತೆ, ಗೋಧಿ ಕೊಟ್ಟ. ಅವರು ಎತ್ತನ್ನೂ ಬಿತ್ತನೆ ಗೋಧಿಯನ್ನೂ ತಿಂದು ಮುಗಿಸಿದಾಗ ಅಲೆಯಲು ಕಳಿಸಿದ. ರೋಮಾ ಮೂಲದ ಚರ್ಚೆಯಲ್ಲಿ ಈ ಕಥೆ ಇಂದಿಗೂ ಬರುತ್ತದೆ.

ಭಾಷೆ ಹೇಳಿದ್ದೇನು?

1782–83ರಲ್ಲಿ ಜರ್ಮನಿಯ ವಿದ್ವಾಂಸರಾದ ಯೋಹಾನ್ ರೂಡಿಗರ್ ಮತ್ತು ಹೈನ್ರಿಖ್ ಗ್ರೆಲ್ಮನ್ ರೋಮಾನಿ ಭಾಷೆಯನ್ನು ಭಾರತದ ಭಾಷೆಗಳೊಂದಿಗೆ ಹೋಲಿಸಿ ನಂಟು ತೋರಿಸಿದರು. ಪದಗಳು ಬಂದ ದಾರಿಯನ್ನೂ ಹೇಳುತ್ತವೆ. ಒಂದರಿಂದ ಐದರವರೆಗಿನ ಎಣಿಕೆ 'ಯೇಕ್, ದುಯ್, ತ್ರಿನ್, ಶ್ತಾರ್, ಪಾಂಜ್' ಭಾರತದ್ದು. ಏಳು, ಎಂಟು, ಒಂಬತ್ತಕ್ಕೆ ಬಳಸುವ 'ಎಫ್ತಾ, ಓಖ್ತೋ, ಎನ್ಯಾ' ಗ್ರೀಕಿನದು. ಅದೃಷ್ಟಕ್ಕಿರುವ 'ಬಖ್ತ್' ಪರ್ಷಿಯನ್, ಕುದುರೆಗಿರುವ 'ಗ್ರಾಸ್ತ್' ಅರ್ಮೇನಿಯನ್. ಅಂದರೆ ಪರ್ಷಿಯಾ, ಅರ್ಮೇನಿಯಾ, ಗ್ರೀಕ್ ನಾಡುಗಳ ಜನರೊಂದಿಗೆ ಅವರು ಬೆರೆತಿದ್ದರು.

ವ್ಯಾಕರಣ ಕಾಲವನ್ನೂ ಸೂಚಿಸುತ್ತದೆ. ಸಂಸ್ಕೃತದಲ್ಲಿ ಮೂರು ಲಿಂಗಗಳಿದ್ದರೆ, ಹಿಂದಿಯಂತೆ ರೋಮಾನಿಯಲ್ಲೂ ಎರಡೇ. ಉತ್ತರ ಭಾರತದ ಭಾಷೆಗಳು ನಪುಂಸಕ ಲಿಂಗ ಕಳೆದುಕೊಂಡಿದ್ದು ಸುಮಾರು 10ನೇ ಶತಮಾನದ ಹೊತ್ತಿಗೆ. ಹಾಗಾಗಿ ಅವರು ಅದಕ್ಕೂ ಬಹಳ ಮೊದಲೇ ಹೊರಟಿರಲಾರರು ಎಂಬುದು ಹಲವು ಭಾಷಾತಜ್ಞರ ವಾದ. ಬಹ್ರಾಮ್ ಗೂರ್ ಆಳಿದ್ದು 5ನೇ ಶತಮಾನದಲ್ಲಿ! ಇನ್ನು 2012ರ ವಂಶವಾಹಿ ಅಧ್ಯಯನವೊಂದು ಅವರ ಪೂರ್ವಜರು ವಾಯವ್ಯ ಭಾರತದಿಂದ ಸುಮಾರು 1,500 ವರ್ಷಗಳ ಹಿಂದೆ ಬೇರೆಯಾದರು ಎಂದಿತು. ಊರು ಒಂದೇ ದಿಕ್ಕಿನಲ್ಲಿದೆ, ಕಾಲ ಮಾತ್ರ ಕೂಡಿಬರುತ್ತಿಲ್ಲ.

ಹಳೆ ಕಥೆ ಹೋಯಿತು, ಹೊಸತು ಬಂತು

ಭಾಷೆಯ ನಂಟು ಸಿಕ್ಕ ಮೇಲೂ ಕಥೆಗಳು ನಿಲ್ಲಲಿಲ್ಲ. ಗ್ರೆಲ್ಮನ್ ಅವರನ್ನು ಭಾರತದ ಕೆಳಜಾತಿಯವರೆಂದು ಕರೆದು, ಅವರ ಬಗ್ಗೆ ಇದ್ದ ಪೂರ್ವಗ್ರಹಗಳಿಗೆ ವಿದ್ವತ್ತಿನ ಮುದ್ರೆ ಒತ್ತಿದ. 20ನೇ ಶತಮಾನದಲ್ಲಿ ಕೆಲವರು ಅವರನ್ನು ಘಜ್ನಿಯ ದಾಳಿ ಎದುರಿಸಿದ ರಜಪೂತ ಯೋಧರ ಸಂತತಿ ಎಂದರು. ಎರಡಕ್ಕೂ ಗಟ್ಟಿ ದಾಖಲೆಯಿಲ್ಲ.

ಅತ್ಯಂತ ಭೀಕರ ಪರಿಣಾಮ ಕಂಡಿದ್ದು ನಾಜಿ ಜರ್ಮನಿಯಲ್ಲಿ. 'ಆರ್ಯ' ಎಂಬ ಭಾಷಾಶಾಸ್ತ್ರದ ಪದವನ್ನು ರಕ್ತದ ಗುರುತಾಗಿಸಿದ ಆ ಆಡಳಿತಕ್ಕೆ ಭಾರತೀಯ-ಆರ್ಯ ಭಾಷೆ ಆಡುವ ರೋಮಾಗಳು ಕಗ್ಗಂಟಾದರು. ಬಹುತೇಕರು ಬೆರಕೆ ರಕ್ತದವರು ಎಂದು ರಾಬರ್ಟ್ ರಿಟ್ಟರ್ ಎಂಬ ಅಧಿಕಾರಿ-ಸಂಶೋಧಕ ತೀರ್ಪು ಕೊಟ್ಟ. ಕನಿಷ್ಠ 2.5 ಲಕ್ಷ ಮಂದಿ ಹತರಾದರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ.

ಲಂಬಾಣಿಗರಿಗೂ ರೋಮಾಗಳಿಗೂ ನಂಟಿದೆಯೇ?

ಉಡುಪು, ಅಲೆಮಾರಿ ಬದುಕು ನೋಡಿ ಇಬ್ಬರೂ ಒಂದೇ ಎನ್ನುವವರು ಕರ್ನಾಟಕದಲ್ಲೂ ಇದ್ದಾರೆ. ಆದರೆ ಹೋಲಿಕೆಯೊಂದೇ ಪುರಾವೆಯಲ್ಲ. ಲಂಬಾಣಿ ಭಾಷೆ ರಾಜಸ್ಥಾನಿ ಗುಂಪಿಗೆ ಸೇರಿದ್ದು. ರೋಮಾನಿ ಸಾವಿರ ವರ್ಷಗಳಿಂದ ಬೇರೆಯೇ ಹಾದಿ ಹಿಡಿದಿದೆ.

ಒಂದು ಭಾಷೆ ಎಲ್ಲಿಂದ ಬಂತು ಎಂಬುದನ್ನು ಪದಗಳು ತಕ್ಕಮಟ್ಟಿಗೆ ಹೇಳಬಲ್ಲವು. ಅದನ್ನಾಡುವವರ ಜಾತಿ, ರಕ್ತ, ಯೋಗ್ಯತೆಯನ್ನು ಅವು ಹೇಳುವುದಿಲ್ಲ. 1971ರ ಏಪ್ರಿಲ್ 8ರಂದು ಲಂಡನ್ ಬಳಿ ಸೇರಿದ ಮೊದಲ ವಿಶ್ವ ರೋಮಾನಿ ಸಮ್ಮೇಳನ, ಹೊರಗಿನವರು ಇಟ್ಟ ಹೆಸರುಗಳನ್ನು ಬಿಟ್ಟು ತಮ್ಮನ್ನು 'ರೋಮಾ' ಎಂದೇ ಕರೆದುಕೊಂಡಿತು. ನೀಲಿ-ಹಸಿರು ಧ್ವಜದ ನಡುವೆ 16 ಅರಗಳ ಕೆಂಪು ಚಕ್ರವಿಟ್ಟಿತು. ಏಪ್ರಿಲ್ 8 ಈಗ ಅಂತಾರಾಷ್ಟ್ರೀಯ ರೋಮಾ ದಿನ.